ಬ್ರೋಮೋ ಜ್ವಾಲಾಮುಖಿಯ ಬುಡಕ್ಕೆ ಕುದುರೆ ಸವಾರಿ: ಅತ್ತೆ, ಮಗ, 94 ಕಿಲೋ ತೂಕದ ಯಜಮಾನರು – ಯಾರು ಹತ್ತಬೇಕು, ಯಾರು ನಡೆಯಬೇಕು?

ಹನುಮಂತನಗರದ ಸೊಸೆ

ಜುಲೈ ಕೊನೆಯಲ್ಲಿ ಮನೆಯ ನಾಲ್ವರೂ ಬಾಲಿಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಡೆನ್ಪಸಾರ್‌ಗೆ ನೇರ ವಿಮಾನದ ಟಿಕೆಟ್ ಆಗಿದೆ. ಅಲ್ಲಿಂದ ಪೂರ್ವ ಜಾವಾಕ್ಕೆ ದಾಟಿ ಬ್ರೋಮೋ ತೆಂಗರ್ ಸೆಮೇರು ರಾಷ್ಟ್ರೀಯ ಉದ್ಯಾನವನ್ನು ನೋಡಲೇಬೇಕು ಎಂಬುದು ನಮ್ಮ ಅತ್ತೆಯವರ ಹಟ. ಜ್ವಾಲಾಮುಖಿಯ ಅಂಚಿನಲ್ಲಿ ಕುಳಿತ ಗಣಪತಿಯ ವಿಡಿಯೊವನ್ನು ಯಾರೋ ಅವರ ಮೊಬೈಲಿಗೆ ಕಳಿಸಿದ್ದರು. ಅಂದಿನಿಂದ ಬಾಲಿಯ ಕಡಲತೀರದ ಮಾತು ಎತ್ತಿದರೆ ಎದ್ದು ಅಡುಗೆಮನೆಗೆ ಹೋಗುತ್ತಾರೆ.

ಪ್ರವಾಸ ಏಜೆಂಟರು ಕಳಿಸಿದ ಪಟ್ಟಿಯಲ್ಲಿ "ಮಾರ್ಗದರ್ಶಕರೊಂದಿಗೆ ಕುದುರೆ ಸವಾರಿ" ಎಂದಿದೆ. ನಮಗೆಲ್ಲ ಕುದುರೆಯ ಪರಿಚಯ ಊಟಿಯ ಕೆರೆಯ ಪಕ್ಕದ್ದು ಮಾತ್ರ. ಅತ್ತೆಗೆ 67 ವರ್ಷ, ಮಂಡಿ ನೋವು ಅಷ್ಟಿಷ್ಟು ಇದೆ, ಜೀವಮಾನದಲ್ಲಿ ಸೀರೆ ಬಿಟ್ಟು ಬೇರೇನನ್ನೂ ಉಟ್ಟವರಲ್ಲ. ಮಗನಿಗೆ 9, ಚಳಿಗಾಲದಲ್ಲಿ ಉಬ್ಬಸ ಕಾಣಿಸಿಕೊಳ್ಳುತ್ತದೆ. ಯಜಮಾನರು 94 ಕಿಲೋ. ಅವರೂ ಕುದುರೆ ಹತ್ತುತ್ತಾರಂತೆ. ನನಗೆ ಕುದುರೆಯದೇ ಚಿಂತೆ. ಹೋಗಿ ಬಂದವರು ದಯವಿಟ್ಟು ಬಿಚ್ಚಿ ಹೇಳಿ: ಅದು ನಿಜಕ್ಕೂ ಸವಾರಿಯೇ, ಫೋಟೊಗೆ ಕೂರಿಸುವುದೇ? ಅಪಾಯ ಎಷ್ಟು?

ಬೂದಿಬಸವ

ಹೋಗಿ ಬಂದಿದ್ದೇನೆ ಮೇಡಂ. ಸ್ಥಳದ ಚಿತ್ರ ಕಣ್ಣಿಗೆ ಕಟ್ಟದೆ ಇದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಸುಮಾರು 10 ಕಿಲೋಮೀಟರ್ ಅಗಲದ ಒಂದು ಬೋಗುಣಿ. ಸುತ್ತ ಕಡಿದಾದ ಗೋಡೆ. ತಳದಲ್ಲಿ ಬೂದು ಬಣ್ಣದ ಮರಳುಗಾಡು. ಅಲ್ಲಿಯವರು ಅದನ್ನು ಮರಳಿನ ಸಮುದ್ರ ಎಂದೇ ಕರೆಯುತ್ತಾರೆ. ಆ ಮರಳಿನ ನಡುವೆ ಎದ್ದ ಗುಡ್ಡಗಳ ಗುಂಪಿನಲ್ಲಿ 2,329 ಮೀಟರ್ ಎತ್ತರದ ಬ್ರೋಮೋ ಹೊಗೆಯಾಡುತ್ತಿರುತ್ತದೆ. ಪಕ್ಕದ ಬಾತೋಕ್ ಹಸಿರು ಮಡಿಕೆಗಳ ಅಂದವಾದ ಶಂಕು. ಎಲ್ಲರೂ ಮೊದಲು ಅದನ್ನೇ ಬ್ರೋಮೋ ಎಂದುಕೊಂಡು ಫೋಟೊ ತೆಗೆಯುತ್ತಾರೆ. ದೂರದಲ್ಲಿ ದಕ್ಷಿಣಕ್ಕೆ 3,676 ಮೀಟರಿನ ಸೆಮೇರು, ಜಾವಾದ ಅತಿ ಎತ್ತರದ ಶಿಖರ.

ಬೆಳಗಿನ ಜಾವ ಮೂರಕ್ಕೆ ಜೀಪು ನಿಮ್ಮನ್ನು ಪೆನಾಂಜಾಕನ್ ಎಂಬ ಎತ್ತರದ ಜಾಗಕ್ಕೆ ಸೂರ್ಯೋದಯ ತೋರಿಸಲು ಕೊಂಡೊಯ್ಯುತ್ತದೆ. ಆಮೇಲೆ ಕೆಳಗಿಳಿದು ಮರಳಿನಲ್ಲಿ ನಿಲ್ಲುತ್ತದೆ. ಜೀಪು ನಿಲ್ಲುವ ಜಾಗದಿಂದ ಬ್ರೋಮೋದ ಮೆಟ್ಟಿಲಿನ ಬುಡದವರೆಗೆ ನಡೆದರೆ ಅರ್ಧ ಗಂಟೆಗೂ ತುಸು ಹೆಚ್ಚು. ಕುದುರೆ ಇರುವುದು ಈ ತುಂಡು ದಾರಿಗೆ. ಕುದುರೆಯವನು ಹಗ್ಗ ಹಿಡಿದು ಮುಂದೆ ನಡೆಯುತ್ತಾನೆ, ನೀವು ಮೇಲೆ ಕೂರುತ್ತೀರಿ. ಮೊದಲರ್ಧ ಸಮತಟ್ಟು, ಕೊನೆಯ ಭಾಗ ಏರು ಮತ್ತು ಕೊರಕಲು. ಮೆಟ್ಟಿಲಿನ ಬುಡದಲ್ಲಿ ಕುದುರೆಯ ಕೆಲಸ ಮುಗಿಯಿತು. ಅಲ್ಲಿಂದ ಸುಮಾರು 250 ಮೆಟ್ಟಿಲನ್ನು ಅತ್ತೆಯವರು ಸ್ವಂತ ಕಾಲಿನಲ್ಲೇ ಹತ್ತಬೇಕು.

ಸವಾರಿ ಎನ್ನುತ್ತೀರೋ ಬಿಡುತ್ತೀರೋ, ನನಗಂತೂ ಇಷ್ಟವಾಯಿತು. ಕುದುರೆಯ ಮೇಲಿಂದ ಆ ಬಯಲು ಕಾಣುವ ರೀತಿಯೇ ಬೇರೆ. ಜೀಪಿನ ಕಿಟಕಿಯಲ್ಲಿ ಅರ್ಧ ಆಕಾಶ ಕತ್ತರಿಸಿ ಹೋಗಿರುತ್ತದೆ.

ಲಗಾಮು

ಹಗ್ಗ ಹಿಡಿದು ನಡೆಸುವುದನ್ನು ಸವಾರಿ ಎಂದು ಮಾರುವುದೇ ತಪ್ಪು. ನಾನು ಯಲಹಂಕದ ಕಡೆ ವಾರಾಂತ್ಯದಲ್ಲಿ ಸವಾರಿ ಮಾಡುವವನು. ಕೆಲಸದ ನಿಮಿತ್ತ ಈಕ್ವೆಡಾರ್‌ಗೆ ಹೋಗಿದ್ದಾಗ ಕೋಟೊಪಾಕ್ಸಿ ರಾಷ್ಟ್ರೀಯ ಉದ್ಯಾನದಲ್ಲಿ ಇಡೀ ದಿನ ಕುದುರೆಯ ಮೇಲಿದ್ದೆ. 5,897 ಮೀಟರಿನ ಹಿಮ ಹೊತ್ತ ಜ್ವಾಲಾಮುಖಿ, ಅದರ ಬುಡದಲ್ಲಿ ಪಾರಮೊ ಎನ್ನುವ ಎತ್ತರದ ಹುಲ್ಲುಗಾವಲು, ಅದರಲ್ಲಿ ಯಾರ ಹಂಗೂ ಇಲ್ಲದೆ ಮೇಯುವ ಕಾಡು ಕುದುರೆಗಳ ಹಿಂಡು. ಅಲ್ಲಿನ ದನಗಾಹಿ ಸವಾರರಿಗೆ ಚಾಗ್ರಾ ಎನ್ನುತ್ತಾರೆ. ಅವರು ಜೀನಿನ ಮೇಲೆ ದಪ್ಪ ಕುರಿಚರ್ಮ ಹಾಸಿ, ನಮ್ಮ ಹೆಗಲಿಗೆ ಕಂಬಳಿಯಂಥ ಉಣ್ಣೆಯ ಪೋಂಚೊ ಹೊದಿಸಿ, ಲಗಾಮನ್ನು ನಮ್ಮ ಕೈಗೆ ಕೊಟ್ಟುಬಿಡುತ್ತಾರೆ. ಎರಡೂ ಕೈಯಲ್ಲಿ ಅಲ್ಲ, ಒಂದೇ ಕೈಯಲ್ಲಿ ಹಿಡಿಯಬೇಕು. ಕತ್ತಿನ ಮೇಲೆ ಲಗಾಮು ಒರಗಿದ ಕಡೆಯಿಂದ ಕುದುರೆ ಆಚೆಗೆ ತಿರುಗುತ್ತದೆ. ಇಲ್ಲಿ ಎರಡು ಕೈಯಲ್ಲಿ ಕಲಿತವನಿಗೆ ಅದಕ್ಕೆ ಹೊಂದಿಕೊಳ್ಳಲು ಅರ್ಧ ಬೆಳಿಗ್ಗೆ ಬೇಕಾಯಿತು. ಲಿಂಪಿಯೊಪುಂಗೊ ಸರೋವರದ ಬಳಿ ಬಂದಾಗ ಕುದುರೆ ಆರಾಮವಾಗಿತ್ತು, ನನ್ನ ತಲೆ ಸಿಡಿಯುತ್ತಿತ್ತು. ಅಲ್ಲಿನ ಎತ್ತರ 3,800 ಮೀಟರಿಗೂ ಮಿಗಿಲು.

ಅದು ಸವಾರಿ. ಬ್ರೋಮೋದ್ದು ಮದುವೆ ದಿಬ್ಬಣ.

ಹನುಮಂತನಗರದ ಸೊಸೆ

ಲಗಾಮು ಅವರೇ, ನಮ್ಮ ಅತ್ತೆಯವರನ್ನು ಈಕ್ವೆಡಾರ್‌ಗೆ ಕಳಿಸುವ ಖರ್ಚು ನೀವು ಕೊಡುವುದಾದರೆ ಇವತ್ತೇ ಟಿಕೆಟ್ ಬದಲಿಸುತ್ತೇನೆ. ದಿಬ್ಬಣವೇ ಸಾಕು ನಮಗೆ. ಲಗಾಮನ್ನು ಅತ್ತೆಯ ಕೈಗೆ ಕೊಟ್ಟರೆ ಕುದುರೆ ಎಲ್ಲಿಗೆ ಹೋಗುತ್ತದೋ ಹೇಳಲಾಗದು, ಅವರು ಮಾತ್ರ ನೆಟ್ಟಗೆ ಗಣಪತಿಯ ಮುಂದೆಯೇ ಹೋಗಿ ನಿಲ್ಲಬೇಕೆನ್ನುತ್ತಾರೆ.

ಹೆಬ್ಬಾಳದ ಪಶುವೈದ್ಯ

ಕುದುರೆಯ ಚಿಂತೆ ಎಂದಿರಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಕೇಳುವವರೇ ಕಡಿಮೆ.

ಕುದುರೆ ತನ್ನ ದೇಹತೂಕದ ಐದನೇ ಒಂದು ಭಾಗದಷ್ಟು ಭಾರವನ್ನು ಹೊರಬಹುದು ಎಂಬುದು ನಾವು ಇಟ್ಟುಕೊಳ್ಳುವ ಅಂದಾಜು. ಆ ಭಾರದಲ್ಲಿ ಜೀನು, ಬೆನ್ನಚೀಲ, ಕ್ಯಾಮೆರಾ ಎಲ್ಲ ಸೇರಿತು. ಇಂಡೋನೇಷ್ಯಾದ ನಾಟಿ ಕುದುರೆಗಳು ಗಿಡ್ಡ. ರೇಸ್‌ಕೋರ್ಸಿನಲ್ಲಿ ನೀವು ನೋಡುವ ಥರೋಬ್ರೆಡ್ 450–500 ಕಿಲೋ ತೂಗುತ್ತದೆ. ಇವು ಅದರ ಅರ್ಧದ ಆಸುಪಾಸು. 250 ಕಿಲೋ ಎಂದು ಉದಾರವಾಗಿ ಹಿಡಿದರೂ 50 ಕಿಲೋ ಹೊರಬಹುದು, ಜೀನನ್ನು ಸೇರಿಸಿ. ನಿಮ್ಮ ಯಜಮಾನರು ಅದರ ಹತ್ತಿರ ಹತ್ತಿರ ಎರಡು ಪಟ್ಟು. ಜೊತೆಗೆ ಕಾಲು ಹೂಳುವ ಮರಳು, ಕೊನೆಯಲ್ಲಿ ಏರು. ಗಟ್ಟಿ ನೆಲದ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಕುದುರೆ ಬಾಯಿಯಿಂದ ಉಸಿರಾಡಲಾರದು. ನಾಯಿ ಏದುಸಿರು ಬಿಟ್ಟಂತೆ ಬಿಡಲು ಅದರ ಗಂಟಲಿನ ರಚನೆ ಅವಕಾಶ ಕೊಡುವುದಿಲ್ಲ; ಮೂಗೊಂದೇ ದಾರಿ. ನಮಗೆ ಧೂಳೆದ್ದಾಗ ಮಾಸ್ಕ್ ಇದೆ, ಅದಕ್ಕೆ ದಿನವಿಡೀ ಆ ಧೂಳೇ ಗಾಳಿ. ಬೂದಿ ಕೂತ ಹುಲ್ಲು ಮೇಯ್ದರೆ ಹಲ್ಲು ಸವೆಯುತ್ತದೆ. ಬೂದಿಯಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಮೂಳೆಯೇ ಕೆಡುತ್ತದೆ. 1783ರಲ್ಲಿ ಐಸ್‌ಲೆಂಡಿನ ಲಾಕಿ ಬಿರುಕು ಉಗುಳಿದಾಗ ಆ ದೇಶದ ಕುದುರೆಗಳಲ್ಲಿ ಅರ್ಧದಷ್ಟು ಸತ್ತವು, ಕುರಿಗಳದು ಇನ್ನೂ ಘೋರ. ಬ್ರೋಮೋದಲ್ಲಿ ಹಾಗಿದೆ ಎನ್ನುತ್ತಿಲ್ಲ. ಜ್ವಾಲಾಮುಖಿಯ ಬಳಿ ಬದುಕುವ ಪ್ರಾಣಿ ಎಂದರೆ ಏನು ಎಂಬುದು ತಲೆಯಲ್ಲಿರಲಿ ಎಂದಷ್ಟೇ.

ಹತ್ತುವ ಮುನ್ನ ಕುದುರೆಯನ್ನು ಒಂದು ಸುತ್ತು ನಡೆಸಿ ತೋರಿಸಲು ಹೇಳಿ. ಹೆಜ್ಜೆ ಹೆಜ್ಜೆಗೂ ತಲೆ ಮೇಲೆ ಕೆಳಗೆ ಕುಕ್ಕುತ್ತಿದ್ದರೆ ಮುಂಗಾಲು ಕುಂಟು. ಜೀನಿನ ಅಂಚಿನಲ್ಲಿ, ಹೊಟ್ಟೆಪಟ್ಟಿಯ ಬಳಿ ಕೂದಲುದುರಿ ಹುಣ್ಣಾಗಿದೆಯೇ ನೋಡಿ. ಪಕ್ಕೆಲುಬು ಎಣಿಸುವಂತಿದ್ದರೆ ಬೇಡ. ಕಣ್ಣಲ್ಲಿ ಪಿಸರು, ಮೂಗಲ್ಲಿ ಗಟ್ಟಿ ಸಿಂಬಳ ಕಂಡರೂ ಬೇಡ. ಅಲ್ಲಿ ಕುದುರೆಗಳಿಗೆ ಬರವಿಲ್ಲ, ಒಳ್ಳೆಯದನ್ನು ಆರಿಸಿಕೊಂಡವರಿಗೇ ಹಣ ಕೊಡಿ.

ಗಿರಿನಗರದ ಗೃಹಸ್ಥ

ಡಾಕ್ಟರೇ, ಇದೇ ಲೆಕ್ಕ ಕೇದಾರನಾಥದ ಹೇಸರಗತ್ತೆಗಳಿಗೂ ಅನ್ವಯಿಸುತ್ತದೆಯೇ? ನಮ್ಮ ಬೀದಿಯಿಂದ ಪ್ರತಿ ವರ್ಷ ಒಂದು ಬಸ್ಸು ಜನ ಹೋಗುತ್ತಾರೆ, ಅವರಲ್ಲಿ ಅರ್ಧ ಜನ 80 ದಾಟಿದವರು. ವಯಸ್ಸಲ್ಲ, ಕಿಲೋ.

ಹೆಬ್ಬಾಳದ ಪಶುವೈದ್ಯ

ಹೇಸರಗತ್ತೆ ಅದೇ ತೂಕದ ಕುದುರೆಗಿಂತ ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ. ಹಾಗೆಂದು ಅದು ಲಾರಿಯಲ್ಲ. ಗೌರಿಕುಂಡದಿಂದ ಕೇದಾರಕ್ಕೆ ಕಡಿದಾದ ಕಲ್ಲುದಾರಿ. ಹತ್ತಿ ಇಳಿದ ಮೇಲೆ ಅದೇ ದಿನ ಮತ್ತೆ ಹತ್ತಿಸುತ್ತಾರೆ. 2022ರ ಯಾತ್ರೆಯಲ್ಲಿ ಅಷ್ಟೊಂದು ಪ್ರಾಣಿಗಳು ಸತ್ತದ್ದು ಪತ್ರಿಕೆಗಳಲ್ಲೇ ಬಂತು. ಅದನ್ನು ಹೋಲಿಸಿದರೆ ಬ್ರೋಮೋದ ದೂರ ಚಿಕ್ಕದು, ನಡುವೆ ವಿಶ್ರಾಂತಿಯೂ ಸಿಗುತ್ತದೆ. ಆದ್ದರಿಂದಲೇ ನಾನು ಹೋಗಲೇಬೇಡಿ ಎನ್ನುತ್ತಿಲ್ಲ.

ಕಲ್ಲುಕುಟಿಗ

ನಿವೃತ್ತ ಭೂವಿಜ್ಞಾನಿ. ಕುದುರೆಯ ಬಗ್ಗೆ ಏನೂ ತಿಳಿಯದು, ಅದರ ಗೊರಸಿನ ಕೆಳಗಿರುವುದರ ಬಗ್ಗೆ ನಾಲ್ಕು ಮಾತು.

ಬೂದಿಬಸವ ಅವರು ಹೇಳಿದ ಬೋಗುಣಿಗೆ ಕ್ಯಾಲ್ಡೆರಾ ಎನ್ನುತ್ತೇವೆ. ಹಿಂದೆ ಅಲ್ಲಿ ತೆಂಗರ್ ಎಂಬ ಭಾರೀ ಜ್ವಾಲಾಮುಖಿ ಇತ್ತು. ಒಡಲಿನ ಶಿಲಾಪಾಕ ಹೊರಚಿಮ್ಮಿ ಒಳಗೆ ಟೊಳ್ಳಾದಾಗ ಮೇಲಿನ ಭಾಗ ಕುಸಿದು ಈ ತಗ್ಗು ಆಯಿತು. ಆಮೇಲೆ ಅದೇ ತಗ್ಗಿನೊಳಗೆ ಹೊಸ ಶಂಕುಗಳು ಬೆಳೆದವು. ಅವುಗಳಲ್ಲಿ ಈಗ ಉಸಿರಾಡುತ್ತಿರುವುದು ಬ್ರೋಮೋ ಒಂದೇ. ಬೆಂಗಳೂರಿಗರಿಗೆ ಇದರ ರೋಮಾಂಚನ ಏನೆಂದರೆ, ನಾವು ಬದುಕುತ್ತಿರುವುದು ಭೂಮಿಯ ಅತಿ ಹಳೆಯ ನೆಲಗಳಲ್ಲೊಂದರ ಮೇಲೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ನಮ್ಮಲ್ಲೂ ಜ್ವಾಲಾಮುಖಿಯ ಗುರುತುಗಳಿವೆ: ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಡಿಯಲ್ಲಿ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ ಇದೆ, ಅದೂ 200 ಕೋಟಿ ವರ್ಷಕ್ಕಿಂತ ಹಳೆಯದು. ವಿಜಯಪುರದ ಗೋಲಗುಮ್ಮಟದ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ. ಎಲ್ಲವೂ ತಣ್ಣಗಾಗಿ ಯುಗಗಳಾದವು. ಬ್ರೋಮೋದಲ್ಲಿ ಗೊರಸಿನ ಕೆಳಗಿನ ಬೂದಿಯಲ್ಲಿ ಒಂದಷ್ಟು 2015–16ರ ಉಗುಳಿನದು. ನಿಮ್ಮ ಮಗನಿಗೆ ಹೆಚ್ಚು ಕಡಿಮೆ ಓರಗೆಯದು.

ಅದು ಕಡಲತೀರದ ಮರಳಲ್ಲ. ಅಲೆಯಲ್ಲಿ ಉರುಳಿ ದುಂಡಗಾದ ಕಣ ಅದರಲ್ಲಿಲ್ಲ. ಬಹುಪಾಲು ಜ್ವಾಲಾಮುಖಿಯ ಗಾಜು ಮತ್ತು ಖನಿಜದ ಚೂರು, ಭೂತಗನ್ನಡಿಯಲ್ಲಿ ನೋಡಿದರೆ ಅಂಚು ಚೂಪು. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ನೀರಿನಲ್ಲಿ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ದಿನ ಕನ್ನಡಕಕ್ಕೆ ಮರಳಿ.

ಅಪಾಯದ ಬಗ್ಗೆ: 2004ರ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಸಿಡಿದು ಇಬ್ಬರು ಸತ್ತರು. 2010ರ ನವೆಂಬರಿನಿಂದ ತಿಂಗಳುಗಟ್ಟಲೆ ಬೂದಿ ಉಗುಳಿತು. 2019ರಲ್ಲಿ ಮತ್ತೆ. ಇಂಡೋನೇಷ್ಯಾದ ಜ್ವಾಲಾಮುಖಿ ಇಲಾಖೆ ನಾಲ್ಕು ಹಂತದ ಎಚ್ಚರಿಕೆ ಹೊರಡಿಸುತ್ತದೆ: ನಾರ್ಮಲ್, ವಾಸ್ಪಾದಾ, ಸಿಯಾಗಾ, ಆವಾಸ್. ಎರಡನೆಯ ಹಂತವಾದ ವಾಸ್ಪಾದಾ ಬ್ರೋಮೋಗೆ ಹೊಸದಲ್ಲ. ಆಗ ಕುಳಿಯ ಸುತ್ತ ಒಂದು ಕಿಲೋಮೀಟರ್ ಒಳಗೆ ಹೋಗಬಾರದು ಎಂಬ ಸೂಚನೆ ಬರುತ್ತದೆ. ಮ್ಯಾಗ್ಮಾ ಇಂಡೋನೇಷ್ಯಾ ಎಂಬ ಸರಕಾರಿ ಜಾಲತಾಣದಲ್ಲಿ ಹೊರಡುವ ಹಿಂದಿನ ದಿನ ನೋಡಿ. ಏಜೆಂಟರು "ಏನೂ ಆಗುವುದಿಲ್ಲ ಸಾರ್" ಎಂದರೆ ಅವರ ಮಾತಿಗಿಂತ ಅಲ್ಲಿನ ನಕ್ಷೆಯನ್ನು ನಂಬಿ.

ಸುರಬಾಯಾ ಕನ್ನಡಿಗ

ಪೂರ್ವ ಜಾವಾದಲ್ಲೇ ಕೆಲಸ ಮಾಡುತ್ತೇನೆ. ಊರಿನಿಂದ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಿದ್ದ ಕರ್ತವ್ಯ.

ಬಾಲಿಯಿಂದ ಬರುವವರು ಗಿಲಿಮಾನುಕ್‌ನಲ್ಲಿ ಹಡಗು ಹತ್ತಿ ಕೆತಪಾಂಗ್‌ನಲ್ಲಿ ಇಳಿದು ಅಲ್ಲಿಂದ ಪ್ರೊಬೊಲಿಂಗೊಗೆ ರೈಲು ಹಿಡಿಯಬಹುದು. ಸಮಯದ ವಿಷಯದಲ್ಲಿ ಎಚ್ಚರ: ಜಾವಾ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ. ವಯಸ್ಸಾದವರು ಇರುವುದರಿಂದ ನನ್ನ ಸಲಹೆ, ಬಾಲಿಯಿಂದ ಸುರಬಾಯಾಕ್ಕೆ ವಿಮಾನದಲ್ಲಿ ಬಂದು ಕಾರಿನಲ್ಲಿ ಚೆಮೊರೊ ಲಾವಾಂಗ್ ಊರಿಗೆ ಹೋಗಿ ರಾತ್ರಿ ಅಲ್ಲೇ ತಂಗಿ. ಆ ಊರು ಕ್ಯಾಲ್ಡೆರಾದ ಅಂಚಿನಲ್ಲೇ ಇದೆ. ಬಾಲಿಯಲ್ಲಿ ಸಂಜೆ ಹೊರಟು ರಾತ್ರಿಯಿಡೀ ಬಂದು ಮಾರನೆಯ ಸಂಜೆ ವಾಪಸ್ ಮುಟ್ಟಿಸುತ್ತೇವೆ ಎನ್ನುವ ಪ್ಯಾಕೇಜುಗಳಿವೆ. 67ರ ಹಿರಿಯರಿಗೆ ಅದು ಶಿಕ್ಷೆ.

ಉದ್ಯಾನದ ಪ್ರವೇಶ ಟಿಕೆಟನ್ನು ಆನ್‌ಲೈನ್‌ನಲ್ಲಿ ಮುಂಚೆಯೇ ಮಾಡಿಸಿ. ಕುದುರೆಯ ಬೆಲೆ ಆ ಟಿಕೆಟಿನಲ್ಲಿ ಸೇರಿರುವುದಿಲ್ಲ. ಏಜೆಂಟರ ಪಟ್ಟಿಯಲ್ಲಿರುವ "ಮಾರ್ಗದರ್ಶಕರೊಂದಿಗೆ" ಎಂದರೆ ಬಹುಮಟ್ಟಿಗೆ ಅಲ್ಲಿ ನಿಂತಿರುವ ಕುದುರೆಯವನೇ. ಬೇರೆ ಹಣ ಹಿಡಿಯುತ್ತಾರೆಯೇ ಎಂದು ಈಗಲೇ ಕೇಳಿ. ನೇರವಾಗಿ ಗೊತ್ತು ಮಾಡುವುದಾದರೆ "ಪುಲಾಂಗ್ ಪರ್ಗಿ" ಎಂದು ಹೇಳಿ ಹೋಗಿ ಬರುವ ಎರಡಕ್ಕೂ ಸೇರಿಸಿ ಮೊದಲೇ ಮಾತಾಡಿ. ಹೋಗುವಾಗಿನ ದರ ಮಾತ್ರ ಒಪ್ಪಿ ಹತ್ತಿದವರು ಇಳಿಯುವಾಗ ಹೊಸ ದರ ಕೇಳಿ ಜಗಳವಾಡುವುದನ್ನು ನೋಡುತ್ತಲೇ ಇರುತ್ತೇನೆ. "ಪೆಲಾನ್ ಪೆಲಾನ್" ಎಂದರೆ ನಿಧಾನವಾಗಿ. ಅತ್ತೆಯವರಿಗೆ ಈ ಒಂದು ಮಾತು ಬಾಯಿಪಾಠವಾದರೆ ಸಾಕು.

ಜುಲೈ ಎಂದರೆ ಒಣಹವೆ. ಆಕಾಶ ನಿಚ್ಚಳ, ಧೂಳು ವಿಪರೀತ, ಚಳಿ ಕೆಟ್ಟದ್ದು. ಜುಲೈ–ಆಗಸ್ಟ್‌ನಲ್ಲಿ ಕೆಲವು ಬೆಳಗು ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಮರಳಿನ ಸಮುದ್ರವೇ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಅಂದರೆ ನೀವು ನಿಲ್ಲುವ ತಳವೇ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ. ಪೆನಾಂಜಾಕನ್ 2,770 ಮೀಟರ್, ದೊಡ್ಡಬೆಟ್ಟಕ್ಕಿಂತಲೂ ಎತ್ತರ. ಬೆಂಗಳೂರಿನ ಡಿಸೆಂಬರಿಗೆ ತೆಗೆಯುವ ಸ್ವೆಟರ್ ಅಲ್ಲಿ ಏನೇನೂ ಸಾಲದು.

ಬೂದಿಬಸವ

ಊಟದ ಮಾತು ಬಿಟ್ಟಿರಿ. ಶುದ್ಧ ಸಸ್ಯಾಹಾರಿಗಳಾದರೆ ಅಲ್ಲಿನ ಚಟ್ನಿಯಂಥ ಸಂಬಾಲ್‌ನಲ್ಲಿ ಸೀಗಡಿಯ ತೆರಾಸಿ ಇರುವುದು ಮಾಮೂಲು, ಹಪ್ಪಳದಲ್ಲೂ ಸೀಗಡಿ. ಸೋಯಾದಿಂದ ಮಾಡುವ ತೆಂಪೆ, ತಾಹು ನಿಶ್ಚಿಂತೆಯಾಗಿ ತಿನ್ನಬಹುದು. ಆ ಬೆಟ್ಟದ ರೈತರು ಬೆಳೆಯುವ ಆಲೂಗಡ್ಡೆ, ಎಲೆಕೋಸು ಚೆನ್ನಾಗಿರುತ್ತವೆ. ಅವಲಕ್ಕಿ, ಚಟ್ನಿಪುಡಿ ಹೇಗೂ ನಿಮ್ಮ ಅತ್ತೆಯವರು ಕಟ್ಟಿಕೊಂಡೇ ಬರುತ್ತಾರೆ ಎಂದುಕೊಳ್ಳುತ್ತೇನೆ.

ಹನುಮಂತನಗರದ ಸೊಸೆ

ಎರಡು ಕಿಲೋ ಅವಲಕ್ಕಿ ಈಗಾಗಲೇ ಡಬ್ಬಿ ಸೇರಿದೆ.

ಎಲ್ಲರಿಗೂ ವಂದನೆ. ಪಶುವೈದ್ಯರ ಉತ್ತರವನ್ನು ಯಜಮಾನರಿಗೆ ಓದಿ ಹೇಳಿದೆ. "ಹಾಗಾದರೆ ದೊಡ್ಡ ಕುದುರೆ ಹುಡುಕುತ್ತೇನೆ" ಎಂದರು. ಇನ್ನುಳಿದ ಸಂಶಯ: ಸೀರೆ. ಒಂದೇ ಕಡೆ ಎರಡೂ ಕಾಲು ಇಳಿಬಿಟ್ಟು ಕೂರಬಹುದೇ? ಆ ಗುಡಿಯೊಳಗೆ ದರ್ಶನಕ್ಕೆ ಬಿಡುತ್ತಾರೆಯೇ?

ಲಗಾಮು

ಒಂದೇ ಕಡೆ ಕಾಲು ಬಿಟ್ಟು ಕೂರುವುದು ಖಂಡಿತ ಬೇಡ. ಅದಕ್ಕೆಂದೇ ಮಾಡಿದ ಜೀನು ಬೇರೆ ಇರುತ್ತದೆ, ಅಲ್ಲಿ ಅದು ಸಿಗುವುದಿಲ್ಲ. ಸಾಧಾರಣ ಜೀನಿನ ಮೇಲೆ ಹಾಗೆ ಕೂತರೆ ಭಾರವೆಲ್ಲ ಒಂದು ಪಕ್ಕಕ್ಕೆ ಬಿದ್ದು ಜೀನೇ ಜಾರುತ್ತದೆ.

ದಿಬ್ಬಣ ಎಂದು ಹೀಗಳೆದೆನಾದರೂ ಕೂರುವ ಕ್ರಮ ಹೇಳಿಕೊಡುತ್ತೇನೆ. ಪಾದದ ಮುಂಭಾಗ ಮಾತ್ರ ರಿಕಾಪಿನಲ್ಲಿ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆ) ಇರಲಿ, ಹಿಮ್ಮಡಿ ಕೆಳಕ್ಕೆ. ಪಾದ ಪೂರ್ತಿ ಒಳಗೆ ಹೋದರೆ ಬಿದ್ದಾಗ ಸಿಕ್ಕಿಕೊಳ್ಳುತ್ತದೆ. ಕುದುರೆಯಿಂದ ಬೀಳುವುದಕ್ಕಿಂತ ಸಿಕ್ಕಿಕೊಂಡು ಎಳೆಸಿಕೊಳ್ಳುವುದು ಭಯಂಕರ. ಅದಕ್ಕೇ ತುಸು ಹಿಮ್ಮಡಿ ಇರುವ ಮುಚ್ಚಿದ ಶೂ ಹಾಕಿ, ಚಪ್ಪಲಿ ಬೇಡ. ಏರಿನಲ್ಲಿ ಮುಂದಕ್ಕೆ ಬಾಗಿ, ಇಳಿಜಾರಿನಲ್ಲಿ ನೆಟ್ಟಗೆ ಕೂತು ತುಸು ಹಿಂದಕ್ಕೆ. ಜೀನಿನ ಮುಂದಿನ ಗುಬಟನ್ನೋ ಕೇಸರವನ್ನೋ ಹಿಡಿಯಿರಿ, ಲಗಾಮನ್ನು ಜಗ್ಗಬೇಡಿ. ಅದು ಕುದುರೆಯ ಬಾಯಿ, ಬಸ್ಸಿನ ಕಂಬಿಯಲ್ಲ. ಹತ್ತುವಾಗ ನೆಲದಿಂದ ನೇತಾಡಿ ಹತ್ತದೆ ಕಲ್ಲಿನ ಮೇಲೋ ದಿಬ್ಬದ ಮೇಲೋ ನಿಂತು ಹತ್ತಿದರೆ ಅತ್ತೆಯ ಮಂಡಿಗೂ ಒಳ್ಳೆಯದು, ಕುದುರೆಯ ಬೆನ್ನಿಗೂ ಒಳ್ಳೆಯದು. ಮಂಡಿ ನೋವಿನವರಿಗೆ ಕಷ್ಟವಾಗುವುದು ಇಳಿಯುವಾಗ; ತೊಡೆಯ ಒಳಭಾಗ ಬಿಗಿದಿರುತ್ತದೆ, ನೆಲಕ್ಕೆ ಕಾಲು ಊರಿದಾಗ ಯಾರಾದರೂ ಹಿಡಿದುಕೊಳ್ಳಬೇಕು.

ಹೊರಡುವ ಮೊದಲು ಒಂದೆರಡು ಬೆಳಿಗ್ಗೆ ಬೆಂಗಳೂರಿನ ಯಾವುದಾದರೂ ಸವಾರಿ ಶಾಲೆಗೆ ಮಗನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ. ಯಲಹಂಕ, ಜಕ್ಕೂರು, ಸರ್ಜಾಪುರದ ಕಡೆ ಸಾಕಷ್ಟಿವೆ. ಬರೀ ನಡಿಗೆಯಲ್ಲಿ ಅರ್ಧ ಗಂಟೆ ಕೂತರೆ ಸಾಕು, ಸೊಂಟ ಒಪ್ಪುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಹೆಲ್ಮೆಟ್ ಅಲ್ಲಿ ಸಿಗುತ್ತದೆಂದು ನಂಬಬೇಡಿ. ಮಗನಿಗೆ ಸವಾರಿಯದೇ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಅವನ ಸೈಕಲ್ಲಿನದ್ದಾದರೂ ಪೆಟ್ಟಿಗೆಯಲ್ಲಿರಲಿ.

ಧಾರವಾಡದ ಅಕ್ಕ

ಸೀರೆಯ ಬಗ್ಗೆ ಗಂಡಸರ ಉತ್ತರ ಓದಿ ನಗು ಬಂತು. ಒಂಬತ್ತು ಗಜದ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟರೆ ಕುದುರೆಯನ್ನೂ ಹತ್ತಬಹುದು, ಗದ್ದೆಗೂ ಇಳಿಯಬಹುದು. ಕಿತ್ತೂರು ಚೆನ್ನಮ್ಮನ ಪ್ರತಿಮೆ ನೋಡಿಲ್ಲವೇ? ಒಳಗೊಂದು ಉಣ್ಣೆಯ ಬಿಗಿ ಪೈಜಾಮ ಹಾಕಿಕೊಂಡರೆ ಚಳಿಗೂ ಆಯಿತು, ಜೀನು ಉಜ್ಜುವುದಕ್ಕೂ ಆಯಿತು. ಸೆರಗನ್ನು ಮಾತ್ರ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಲಿ, ಗಾಳಿಗೆ ಹಾರಿದರೆ ಕುದುರೆ ಬೆದರುತ್ತದೆ.

ಹನುಮಂತನಗರದ ಸೊಸೆ

ಅಕ್ಕಾ! ನಮ್ಮ ಅತ್ತೆಯ ತವರು ಗುಳೇದಗುಡ್ಡ. ಅವರ ತಾಯಿಯ ಒಂಬತ್ತು ಗಜದ ಸೀರೆ ಪೆಟ್ಟಿಗೆಯಲ್ಲಿದೆಯಂತೆ. ನಿಮ್ಮ ಉತ್ತರ ಓದಿದ ಕೂಡಲೇ ತೆಗೆದು ಬಿಸಿಲಿಗೆ ಹಾಕಿದ್ದಾರೆ. ಈ ಮನೆಯಲ್ಲಿ ಇನ್ನು ಯಾರೂ ಅವರನ್ನು ತಡೆಯಲಾರರು.

ಸುರಬಾಯಾ ಕನ್ನಡಿಗ

ದರ್ಶನದ ಪ್ರಶ್ನೆಗೆ: ಮರಳಿನ ನಡುವೆ ಕಾಣುವುದು ಪುರಾ ಲುಹುರ್ ಪೋತೆನ್, ಕಪ್ಪು ಕಲ್ಲಿನ ಗುಡಿ. ಅದು ತೆಂಗರ್ ಜನರದು. ಸುತ್ತಲಿನ ಜಾವಾ ಬಹುಪಾಲು ಮುಸ್ಲಿಮರದ್ದಾದರೂ ಈ ಬೆಟ್ಟದ ಹಳ್ಳಿಗಳವರು ಹಿಂದೂಗಳಾಗಿ ಉಳಿದಿದ್ದಾರೆ. ತಮ್ಮ ಮೂಲವನ್ನು ಹಿಂದೆ ಜಾವಾವನ್ನು ಆಳಿದ ಹಿಂದೂ-ಬೌದ್ಧ ಮಜಪಾಹಿತ್ ಸಾಮ್ರಾಜ್ಯದ ಕಾಲಕ್ಕೆ ಒಯ್ಯುತ್ತಾರೆ. ನಾನು ಹೋದಾಗೆಲ್ಲ ಗುಡಿಯ ಬಾಗಿಲು ಹಾಕಿಯೇ ಇತ್ತು, ಹಬ್ಬಕ್ಕೆ ತೆರೆಯುತ್ತಾರೆ. ಗಣಪತಿ ಇರುವುದು ಗುಡಿಯಲ್ಲಲ್ಲ, ಮೇಲೆ, ಕುಳಿಯ ಅಂಚಿನಲ್ಲಿ. ಪುಟ್ಟ ವಿಗ್ರಹ. ಜನ ಹೂವಿಟ್ಟು ಹೋಗಿರುತ್ತಾರೆ.

ಹಬ್ಬ ಎಂದರೆ ಯದ್ನ್ಯ ಕಸಾದ. ರೋರೊ ಆಂತೆಂಗ್, ಜೋಕೊ ಸೆಗೆರ್ ಎಂಬ ದಂಪತಿಗೆ ಮಕ್ಕಳಿರಲಿಲ್ಲ. ಬೆಟ್ಟದ ದೇವರಲ್ಲಿ ಬೇಡಿಕೊಂಡರು. ಕೊನೆಯ ಮಗುವನ್ನು ಒಪ್ಪಿಸಬೇಕೆಂಬ ಷರತ್ತಿನ ಮೇಲೆ 25 ಮಕ್ಕಳಾದವು. ಒಪ್ಪಿಸುವ ಹೊತ್ತಿಗೆ ಕರುಳು ಒಪ್ಪಲಿಲ್ಲ. ಬೆಟ್ಟ ಸಿಡಿದು ಕಿರಿಯ ಮಗ ಕೆಸುಮನನ್ನು ಸೆಳೆದುಕೊಂಡಿತು. ವರ್ಷಕ್ಕೊಮ್ಮೆ ಬೆಳೆಯನ್ನು ಬೆಂಕಿಯ ಬಾಯಿಗೆ ಹಾಕಿ ಎಂದು ಆ ಮಗನ ದನಿಯೇ ಹೇಳಿತಂತೆ. ಅದಕ್ಕೇ ಕಸಾದ ಮಾಸದ ಹುಣ್ಣಿಮೆಯ ರಾತ್ರಿ ತರಕಾರಿ, ಕೋಳಿ, ಮೇಕೆ, ದುಡ್ಡು ಎಲ್ಲವನ್ನೂ ಕುಳಿಗೆ ಎಸೆಯುತ್ತಾರೆ. ಕುಳಿಯ ಒಳಗೋಡೆಗೆ ಇಳಿದು ಬಲೆ ಹಿಡಿದು ಅದೇ ಕಾಣಿಕೆಗಳನ್ನು ಹಿಡಿದುಕೊಳ್ಳುವವರೂ ಇದ್ದಾರೆ, ಪ್ರಾಣದ ಹಂಗು ತೊರೆದು. ಹಬ್ಬದ ದಿನಗಳಲ್ಲಿ ಪ್ರವಾಸಿಗರಿಗೆ ನಿರ್ಬಂಧ ಬರುತ್ತದೆ, ನಿಮ್ಮ ದಿನಾಂಕಕ್ಕೆ ತಾಗುತ್ತದೆಯೇ ಎಂದು ಉದ್ಯಾನದ ಪ್ರಕಟಣೆ ನೋಡಿಕೊಳ್ಳಿ.

ಕುದುರೆ ಹಿಡಿಯುವವರಲ್ಲೂ ಬಹಳ ಜನ ಇದೇ ತೆಂಗರ್ ರೈತರು. ಲುಂಗಿಯಂಥ ಸರೋಂಗನ್ನು ಹೆಗಲಿಗೆ ಗಂಟು ಹಾಕಿ ಹೊದ್ದಿರುತ್ತಾರೆ. ಈರುಳ್ಳಿ, ಆಲೂಗಡ್ಡೆ ಹೊಲದ ಕೆಲಸ ಒಂದು ಕಡೆ, ಕುದುರೆ ಇನ್ನೊಂದು ಕಡೆ. ಲಗಾಮು ಅವರಿಗೆ ದಿಬ್ಬಣದಂತೆ ಕಂಡದ್ದು ಈ ರೈತರಿಗೆ ಮಕ್ಕಳ ಶಾಲೆಯ ಶುಲ್ಕ.

ಲಗಾಮು

ಒಪ್ಪಿದೆ. ಜೀವನೋಪಾಯಕ್ಕೆ ನನ್ನ ತಕರಾರಿಲ್ಲ. 94 ಕಿಲೋದವರನ್ನು ಹತ್ತಿಸಿಕೊಳ್ಳುವುದು ಅವರಿಗೂ ನಷ್ಟವೇ. ಬೆನ್ನು ಕೆಟ್ಟ ಕುದುರೆಯಿಂದ ಶುಲ್ಕ ಹುಟ್ಟುವುದಿಲ್ಲ.

ಗಿರಿನಗರದ ಗೃಹಸ್ಥ

ಆ ಸೊಸೆಯ ಯಜಮಾನರು ಈ ಚರ್ಚೆಯನ್ನು ಓದುತ್ತಿದ್ದರೆ: ಸಾರ್, ನಾವೆಲ್ಲ ನಿಮ್ಮ ಪರ. ಆದರೆ ನಡೆಯಿರಿ.

ಯಜಮಾನ 94

ಓದುತ್ತಿದ್ದೇನೆ. ಹೆಂಡತಿ ಬರೆದ ಹಾಗೆ ಅಷ್ಟು ಹಟಮಾರಿಯಲ್ಲ. ನನ್ನ ಪ್ರಶ್ನೆ ಇಷ್ಟೇ: ನಡೆಯುವವನಿಗೆ ಕುದುರೆಯ ಹಿಂದೆ ಧೂಳು ತಿನ್ನುತ್ತಾ ಹೋಗುವುದೇ ಗತಿಯೇ?

ಬೂದಿಬಸವ

ಇಲ್ಲ ಸಾರ್. ನಡೆಯುವುದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ನಾನು ಹೋಗುವಾಗ ಕುದುರೆ, ಬರುವಾಗ ಕಾಲುನಡಿಗೆ ಮಾಡಿದೆ. ಹಿಂದಿನ ಮಳೆಗಾಲದ ನೀರು ಬೂದಿಯಲ್ಲಿ ಕೊರೆದ ಕಣಿವೆಗಳೊಳಗೆ ಇಳಿದು ನೋಡಲು ಸಿಕ್ಕಿದ್ದು ನಡೆದದ್ದರಿಂದ. ಆ ಗೋಡೆಗಳಲ್ಲಿ ಒಂದೊಂದು ಉಗುಳಿನ ಬೂದಿ ಒಂದೊಂದು ಬಣ್ಣದ ಪದರವಾಗಿ ಕೂತಿರುವುದು ಕಾಣುತ್ತದೆ. ಗಾಳಿ ಬರುವ ಕಡೆ ನೋಡಿಕೊಂಡು ಕುದುರೆ ದಾರಿಯ ಆ ಪಕ್ಕದಲ್ಲಿ ನಡೆಯಿರಿ. ಸೂರ್ಯೋದಯ ಮುಗಿಸಿದ ಜೀಪುಗಳೆಲ್ಲ ಒಟ್ಟಿಗೆ ಇಳಿಯುವ ಹೊತ್ತು ತಪ್ಪಿಸಿ. ಚೆಮೊರೊ ಲಾವಾಂಗ್‌ನಲ್ಲೇ ತಂಗಿದರೆ ಪೆನಾಂಜಾಕನ್ ಒಂದು ದಿನ, ಬ್ರೋಮೋ ಮರುದಿನ ಎಂದು ಬಿಡಿಸಿಕೊಳ್ಳಬಹುದು. ಆಗ ಎಲ್ಲರೂ ಬೆಟ್ಟದ ಮೇಲೆ ಸೂರ್ಯನಿಗೆ ಕಾಯುತ್ತಿರುವ ಹೊತ್ತಿನಲ್ಲಿ ಮರಳಿನಲ್ಲಿ ನೀವು, ನಿಮ್ಮ ತಾಯಿ, ಒಂದು ಕುದುರೆ. ಬೇರೆ ಯಾರೂ ಇರುವುದಿಲ್ಲ.

ನಿರ್ವಾಹಕ

ಚರ್ಚೆ ಚೆನ್ನಾಗಿದೆ. ಉಪಯೋಗವಾಗುವ ಒಂದು ಸೇರ್ಪಡೆ: ಒಣಗಾಲದಲ್ಲಿ ಅಲ್ಲಿ ಬೆಂಕಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. 2023ರ ಸೆಪ್ಟೆಂಬರಿನಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವವರು ಹಚ್ಚಿದ ಬಣ್ಣದ ಪಟಾಕಿಯಿಂದ ಸುಮಾರು 500 ಹೆಕ್ಟೇರ್ ಹುಲ್ಲುಗಾವಲು ಸುಟ್ಟು ಉದ್ಯಾನವನ್ನೇ ಮುಚ್ಚಬೇಕಾಯಿತು. ಅತ್ತೆಯವರು ಗಣಪತಿಗೆ ಕರ್ಪೂರ ಹಚ್ಚುವ ಯೋಚನೆಯಲ್ಲಿದ್ದರೆ ಹೂವಿನಲ್ಲೇ ಮುಗಿಸಲಿ.

ಹನುಮಂತನಗರದ ಸೊಸೆ

ಕರ್ಪೂರದ ಡಬ್ಬಿ ಅವಲಕ್ಕಿಯ ಜೊತೆಯಲ್ಲೇ ಇತ್ತು, ತೆಗೆದಿಟ್ಟೆ.

ತೀರ್ಮಾನ ಹೀಗಾಯಿತು. ಸುರಬಾಯಾಕ್ಕೆ ವಿಮಾನ, ಚೆಮೊರೊ ಲಾವಾಂಗ್‌ನಲ್ಲಿ ಎರಡು ರಾತ್ರಿ. ಅತ್ತೆ 52 ಕಿಲೋ, ಪಶುವೈದ್ಯರ ಲೆಕ್ಕದಲ್ಲಿ ಅಂಚಿಗಿಂತ ತುಸು ಆಚೆ. ಆದ್ದರಿಂದ ಸಿಕ್ಕುವುದರಲ್ಲಿ ಗಟ್ಟಿಮುಟ್ಟಾದ ಕುದುರೆ, ಚೀಲ ಇಲ್ಲ, ಕೊನೆಯ ಏರಿಗೆ ಮುಂಚೆಯೇ ಇಳಿದು ನಡೆಯುತ್ತೇನೆ ಎಂದು ಅವರೇ ಹೇಳಿದ್ದಾರೆ. ಮಗ ಹತ್ತುತ್ತಾನೆ. ನಾನೂ ಯಜಮಾನರೂ ನಡೆಯುತ್ತೇವೆ. ಮುಂದಿನ ಭಾನುವಾರ ಬೆಳಿಗ್ಗೆ ಜಕ್ಕೂರಿನ ಕಡೆ ಒಂದು ಶಾಲೆಯಲ್ಲಿ ಅಭ್ಯಾಸ ಗೊತ್ತು ಮಾಡಿದ್ದೇನೆ.

ಡಾಕ್ಟರೇ, ನೀವು ಪ್ರಾಣಿಗಳ ವೈದ್ಯರೆಂದು ಗೊತ್ತು, ಆದರೂ ಕೇಳುತ್ತೇನೆ. ಮಗನ ಉಬ್ಬಸಕ್ಕೆ ಈ ಹೊಗೆ ಏನು ಮಾಡುತ್ತದೆ?

ಹೆಬ್ಬಾಳದ ಪಶುವೈದ್ಯ

ಅದನ್ನು ಅವನ ಮಕ್ಕಳ ವೈದ್ಯರಿಗೆ ಕೇಳಲೇಬೇಕು, ಹೊರಡುವ ಮುಂಚೆ. ಗಂಧಕದ ಡೈಆಕ್ಸೈಡ್ ಉಬ್ಬಸದವರ ಶ್ವಾಸನಾಳವನ್ನು ಬಿಗಿಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅನಿಲವಾದ್ದರಿಂದ ಬಟ್ಟೆಯ ಮಾಸ್ಕಾಗಲಿ ಎನ್95 ಆಗಲಿ ತಡೆಯುವುದಿಲ್ಲ. ಎನ್95 ಧೂಳಿಗೆ ಮಾತ್ರ. ಇನ್ಹೇಲರ್ ದೊಡ್ಡ ಚೀಲದಲ್ಲಿ ಜೀಪಿನಲ್ಲಿರುವುದು ಬೇಡ, ಅವನ ಜೇಬಿನಲ್ಲಿರಲಿ. ಮರಳಿನಲ್ಲಿ ಕುದುರೆಯ ಮೇಲೆ ಹೋಗುವುದು ಒಂದು ಮಾತು, ಕುಳಿಯ ಅಂಚಿನಲ್ಲಿ ನಿಲ್ಲುವುದು ಇನ್ನೊಂದು. ಹೊಗೆ ಮೆಟ್ಟಿಲಿನ ಕಡೆ ಬೀಸುತ್ತಿದ್ದರೆ ಅವನನ್ನು ಮೇಲೆ ಕರೆದೊಯ್ಯಬೇಡಿ. ಕೆಳಗೆ ಯಜಮಾನರ ಜೊತೆ ಬಿಡಿ.

ಯಜಮಾನ 94

ಆಗಲಿ. ಮೆಟ್ಟಿಲಿನ ಬುಡದಲ್ಲಿ ಬಿಸಿ ನೂಡಲ್ಸ್ ಮಾರುತ್ತಾರಂತೆ, ನಾನೂ ಮಗನೂ ಅಲ್ಲಿರುತ್ತೇವೆ.